ಅಡುಗೆಮನೆಯಲ್ಲಿ ಕೇಳಿದ ಕ್ಷಮೆ

ನಮ್ಮವನೊಬ್ಬ ಮ್ಯಾನೇಜರ್ ಆದನೆಂದು ಕನ್ನಡ ನೇಕಾರರ ನಮ್ಮ ಬೀದಿಯೇ ಹಿಗ್ಗಿತ್ತು. ನಾನೂ ಹಿಗ್ಗಿದ್ದೆ, ನನ್ನ ತಲೆಗಿಷ್ಟು! ಎಂಬತ್ತರ ದಶಕದ ತಿರುಪ್ಪೂರು. ಒಂದು ಬನಿಯನ್ ಕಂಪನಿಯಲ್ಲಿ, ಬಟ್ಟೆಯ ದೋಷ ಹುಡುಕುವ ಚೆಕಿಂಗ್ ಮೇಜಿನಲ್ಲಿ ನನಗೆ ಕೆಲಸ. ಮ್ಯಾನೇಜರ್ ನನ್ನ ಸೋದರಮಾವನ ಮಗ. ಮಗ್ಗದ ಮನೆಯಲ್ಲೇ ಹುಟ್ಟಿದವನು, ಮನೆಯಲ್ಲಿ ನಮ್ಮಂತೆಯೇ ಕನ್ನಡ. ಗೇಟು ದಾಟಿದರೆ ತಮಿಳು ಬಿಟ್ಟು ಒಂದಕ್ಷರ ಆಡುತ್ತಿರಲಿಲ್ಲ. ಅದರಲ್ಲೇನೂ ತಪ್ಪಿಲ್ಲ, ನಾವೆಲ್ಲರೂ ಹಾಗೇ. ಆದರೆ ಅವನು ಬೈಯುವುದನ್ನು ತಮಿಳಿಗೂ ಕ್ಷಮೆ ಕೇಳುವುದನ್ನು ಕನ್ನಡಕ್ಕೂ ಹಂಚಿಬಿಟ್ಟಿದ್ದ.

ಒಂದು ಬೆಳಿಗ್ಗೆ ಬಟ್ಟೆಯ ಉದ್ದಕ್ಕೂ ಸಣ್ಣ ತೂತುಗಳ ಗೆರೆ ಕಂಡಿತು. ಹೆಣೆಯುವ ಮಷಿನ್ನಿನ ಸೂಜಿ ಮುರಿದಿದೆ ಎಂದು ಹೋಗಿ ಹೇಳಿದೆ. ಈಗ ಮಷಿನ್ ನಿಲ್ಲಿಸಲಾಗದು, ಸುಮ್ಮನೆ ಬಟ್ಟೆಯನ್ನು ಗಂಟು ಕಟ್ಟಿಡು ಎಂದ, ಮುಖ ಕೂಡ ಎತ್ತದೆ. ಮಧ್ಯಾಹ್ನ ಮಾಲೀಕರು ಗಂಟು ಬಿಚ್ಚಿಸಿ ನೋಡಿದರು. ತಕ್ಷಣ ಇವನು ನನ್ನತ್ತ ತಿರುಗಿ, "ಕಣ್ಣು ತೆರಿಯುದಾ, ಇಲ್ಲೈಯಾ?" ಎಂದು ತಮಿಳಿನಲ್ಲಿ ಕೂಗಿದ, ಕಣ್ಣು ಕಾಣುತ್ತದೋ ಇಲ್ಲವೋ ಎಂದು. ನಾಳೆಯಿಂದ ಚೆಕಿಂಗಿಗೆ ಬರಬೇಡ, ದಾರ ಕತ್ತರಿಸುವ ಕಡೆ ಕೂತುಕೋ ಎಂದೂ ಹೇಳಿದ. ಇಡೀ ಸಾಲಿನ ಹೆಂಗಸರು ಕೇಳಿಸಿಕೊಂಡರು. ಚೆಕಿಂಗ್ ಮಾಡುವವಳಿಗೆ ಕಣ್ಣು ಕಾಣದು ಎಂಬ ಹೆಸರು ಬಂದರೆ ಆ ಊರಿನ ಯಾವ ಕಂಪನಿಯೂ ಅವಳನ್ನು ಆ ಮೇಜಿಗೆ ಸೇರಿಸುವುದಿಲ್ಲ.

ಸಂಜೆ ನಮ್ಮನೆಗೆ ಬಂದ, ನೇರ ಅಡುಗೆಮನೆಗೇ. ಅಣ್ಣನ ಮಗನೆಂದು ಅಮ್ಮ ಕಾಫಿ ಕೊಟ್ಟಳು.

"ಕೋಪ ಮಾಡ್ಕೋಬೇಡ ಅಮ್ಮಿಣಿ. ತಪ್ಪು ನಿಂದಲ್ಲಾಂತ ನಂಗೊತ್ತು. ನಮ್ಮವ್ಳನ್ನೇ ಬೈದ್ರೆ ಮಿಕ್ಕವ್ರು ಬಾಯ್ ಮುಚ್ಕೊಂಡು ಕೆಲ್ಸ ಮಾಡ್ತಾರೆ, ಅಷ್ಟೇ."

"ಹಂಗಾದ್ರೆ ನಾಳೆ ಅಲ್ಲೇ ಹೇಳು ಬಾವಾ."

"ಅಲ್ಲಿ ಹೇಳಿದ್ರೆ ನಂಗೇನು ಮರ್ಯಾದೆ?"

ಅವನಿಗೆ ಮರ್ಯಾದೆಯಂತೆ! ನನ್ನದೇನು ಬೀದಿಯಲ್ಲಿ ಬಿದ್ದಿತ್ತೇ? "ಬಿಡೇ, ನಮ್ಮೋನು ತಾನೇ" ಎಂದಳು ಅಮ್ಮ. ನಾವು ಕೆಟ್ಟಿರುವುದೇ ಈ ಮಾತಿನಿಂದ. ನಮ್ಮವನಾದರೆ ತುಳಿಯಬಹುದೇ?

ಮರುದಿನ ನಾನು ದಾರ ಕತ್ತರಿಸಲು ಹೋಗಲಿಲ್ಲ. ಚೆಕಿಂಗ್ ಮೇಜಿನ ಮುಂದೆ ನಿಂತು, ಅವನು ಒಳಗೆ ಬಂದ ಕೂಡಲೇ, ಅಡುಗೆಮನೆಯಲ್ಲಿ ಅವನಾಡಿದ್ದನ್ನೆಲ್ಲ ತಮಿಳಿನಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದೆ. ಬಾಗಿಲಲ್ಲಿದ್ದ ಮಾಲೀಕರು ಅವನತ್ತ ನೋಡಿ, "ನಿಜಮಾ?" ಎಂದರು. ಅವನ ಮುಖ ಸುಟ್ಟ ಬದನೆಕಾಯಿಯಂತಾಯಿತು. "ಆಮಾ" ಎಂದು ಒಪ್ಪಿಕೊಂಡು ತಲೆ ತಗ್ಗಿಸಿದ. ನಾನು ಅದೇ ಮೇಜಿನಲ್ಲಿ ಕೂತು ಬಟ್ಟೆ ಬಿಡಿಸಿ ನೋಡತೊಡಗಿದೆ.

ಅಂದಿನಿಂದ ಅವನು ಬೆಳಿಗ್ಗೆ ಬಂದವನೇ ಮೊದಲು ನಮ್ಮ ಮೇಜಿಗೆ ಬಂದು ದೋಷವೇನಾದರೂ ಉಂಟೇ ಎಂದು ಕೇಳತೊಡಗಿದ. ಮಾಲು ಕೆಡುವುದು ಕಡಿಮೆಯಾಯಿತು, ಒಳ್ಳೆಯ ಮ್ಯಾನೇಜರ್ ಎಂಬ ಹೆಸರೂ ಬಂತು. ನಮ್ಮನೆಗೆ ಮಾತ್ರ ಮತ್ತೆ ಕಾಲಿಡಲಿಲ್ಲ. ಅಮ್ಮ ಅದಕ್ಕೂ ನನ್ನನ್ನೇ ಬೈದಳು.

ಕೆಲವು ವರ್ಷಗಳ ಮೇಲೆ, ಒಂದು ಮದುವೆಯ ಊಟದ ಪಂಕ್ತಿಯಲ್ಲಿ, ಹೊಸದಾಗಿ ಮ್ಯಾನೇಜರ್ ಆದ ನೆಂಟನಿಗೆ ಅವನು ಬುದ್ಧಿ ಹೇಳುತ್ತಿದ್ದ: "ತಪ್ಪಾದ್ರೆ ಎಲ್ರ ಮುಂದೆ ಒಪ್ಕೋಬೇಕಪ್ಪಾ. ನಂಗದು ಮೊದ್ಲಿಂದ್ಲೂ ಅಭ್ಯಾಸ." ನಾನು ಎದುರಿಗೇ ಕೂತಿದ್ದೆ. ಅವನು ನನ್ನನ್ನು ನೋಡಿದ. ನೋಡಿಯೂ ಮಾತು ನಿಲ್ಲಿಸಲಿಲ್ಲ.