ತೂರಿದ ಉಸುಕು

ಅಂದು ಬೆಳಿಗ್ಗೆ ನಳದ ನೀರು ತುಂಬಿದೆ. ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ. ಮಾಳಿಗೆಯ ಮೇಲೆ ಸಂಡಿಗೆ ಹಾಕಿದೆ. ಚಾದರ, ಟಾವೆಲ್ಲು, ಕಾಯಿಪಲ್ಲೆಯ ಚೀಲ ಒಗೆದೆ. ಅವುಗಳ ಜೊತೆಗೆ ನಾದಿನಿ ತಂದಿದ್ದ ಎರಡು ಪುಟ್ಟ ಬಟ್ಟೆ ಚೀಲಗಳನ್ನೂ ಒಗೆದೆ. ಒಳಗಿದ್ದ ಉಸುಕು ಹಸಿಯಾಗಿತ್ತು. ಆರಲಿ ಎಂದು ಎರಡು ಪರಾತಗಳಲ್ಲಿ ಸುರುವಿ ಬಿಸಿಲಿಗಿಟ್ಟೆ.

ತೊಂಬತ್ತರ ದಶಕದ ಮಾತು. ರಾಮದುರ್ಗದಲ್ಲಿದ್ದೆವು. ನಾದಿನಿ ಧಾರವಾಡದಲ್ಲಿ ಓದುತ್ತಿದ್ದಳು. ಕಾರವಾರದ ಕಡೆ, ಕಡಲ ದಂಡೆಯಲ್ಲಿ ಗಾಳಿ ಕಟ್ಟಿದ ಉಸುಕಿನ ದಿಬ್ಬಗಳೇ ಅವಳ ಅಭ್ಯಾಸದ ವಿಷಯ. ಜನ ಅವನ್ನು ಲಾರಿಗಳಲ್ಲಿ ತುಂಬಿ ಒಯ್ಯುತ್ತಿದ್ದರು. ಕೇಳಿದರೆ, ಕಡಲು ಮತ್ತೆ ತಂದು ಹಾಕುತ್ತದೆ ಎನ್ನುತ್ತಿದ್ದರಂತೆ. ಹಾಗಲ್ಲ, ದಿಬ್ಬದ ಉಸುಕೇ ಬೇರೆ, ನೀರಂಚಿನ ಉಸುಕೇ ಬೇರೆ ಎಂದು ಅವಳು ತೋರಿಸಬೇಕಿತ್ತು. ಒಂದು ಚೀಲದಲ್ಲಿ ಅದು, ಇನ್ನೊಂದರಲ್ಲಿ ಇದು. ಯಾವುದು ಎಲ್ಲಿಯದೆಂದು ಚೀಲದ ಮೇಲೇ ಶಾಯಿಯಲ್ಲಿ ಬರೆದಿದ್ದಳು.

ಮಾಳಿಗೆಗೆ ಬಂದವಳು ಹಗ್ಗದ ಮೇಲಿನ ಬೆಳ್ಳಗಿನ ಚೀಲ ನೋಡಿ ಅಲ್ಲೇ ಕುಸಿದು ಕೂತಳು.

"ವೈನಿ, ಒಗದ್ರಿ?"

"ಹೊಲಸಾಗಿದ್ದುವಲ್ಲವಾ, ಒಗದೆ."

"ಅದರ ಮ್ಯಾಲೆ ಬರದಿತ್ತರಿ! ಇನ್ನ ಸರ್ ಮುಂದ ಏನಂತ ಇಡ್ಲಿ?"

ಪರಾತಗಳ ಮೇಲೆ ಬಗ್ಗಿ ನೋಡಿದೆ. ನನ್ನ ಕಣ್ಣಿಗೆ ಎರಡೂ ಪರಾತ ಒಂದೇ.

ಅಷ್ಟರಲ್ಲಿ ಮಗ್ಗುಲ ಮನೆಯ ಚಾಚಿ ಬಂದರು. ಅವರದು ಚುರುಮುರಿ ಭಟ್ಟಿ. ಕಾದ ಉಸುಕಿನಲ್ಲಿ ಅಕ್ಕಿ ಹುರಿಯುವುದೇ ಜನ್ಮದ ಕೆಲಸ.

"ಉಸುಕಿಗೆ ಯಾರರ ಅಳತಾರೇನವಾ ಹುಚ್ಚಿ? ಹೊಳ್ಯಾಗ ಬೇಕಾದಷ್ಟು ಬಿದ್ದೈತಿ!" ಎಂದು ನಗುತ್ತ ಒಂದೊಂದು ಪರಾತದಿಂದ ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿದರು. ಮತ್ತೆ ತಿಕ್ಕಿದರು. ನಗು ನಿಂತಿತು.

"ಇದು ತೂರಿದ್ದು. ಇದು ತೂರಲಾರದ್ದು. ಯಾರು ತೂರ್ಯಾರ ಇದನ್ನ? ನಾ ಸಾಣಿಗಿ ಹಿಡದು ಸತ್ತರೂ ಇಷ್ಟು ಸಮ ಬರಂಗಿಲ್ಲ."

"ಗಾಳಿರಿ ಚಾಚಿ," ಎಂದಳು ನಾದಿನಿ, ಮೂಗು ಒರೆಸಿಕೊಂಡು.

ಅವಳ ಭೂತಗನ್ನಡಿಯಲ್ಲಿ ನಾನೂ ನೋಡಿದೆ. ಒಂದರಲ್ಲಿ ದಪ್ಪ, ಸಣ್ಣ, ಚಿಪ್ಪಿನ ಚೂರು, ಎಲ್ಲ ಕಲಸು. ಇನ್ನೊಂದರಲ್ಲಿ ಯಾರೋ ಕೂತು ಆರಿಸಿದ ಹಾಗೆ ಒಂದೇ ಅಳತೆಯ ಕಾಳು. ಕಣದಲ್ಲಿ ನಾವು ಗಾಳಿಗೆ ಕಾದು ಕೂತು ಮಾಡುವ ಕೆಲಸ ಅಲ್ಲಿ ಮೊರ ಹಿಡಿಯುವವರಿಲ್ಲದೆ ನಡೆದಿತ್ತು. ಎಷ್ಟು ವರ್ಷದಿಂದಲೋ!

"ಚಾಚಿ ಹೇಳಿದ್ದು ಖರೇನರಿ. ಆದ್ರ ಚಾಚಿ ಬೆರಳ ಸಾಕ್ಷಿ ಅಂತ ಬರ್ಯಾಕ ಬರಂಗಿಲ್ಲ. ಮತ್ತ ಹೋಗಿ ತರಬೇಕು."

"ಒಗದಾಕಿ ನಾನು. ನಾನೂ ಬರತೇನಿ," ಎಂದೆ.

"ಬರುವಾಗ ನನಗೂ ಒಂದು ಚೀಲ ತರ್ರಿ," ಎಂದರು ಚಾಚಿ.

"ಅದನ್ನ ಒಯ್ಯಬ್ಯಾಡ್ರಿ ಅಂತನ ಬರ್ಯಾಕ ಹತ್ತೇನಿ, ಚಾಚಿ!"

ಮೂರನೆಯ ದಿನ ಮಧ್ಯಾಹ್ನ ಮೊದಲ ಸಲ ಕಡಲು ಕಂಡೆ. ಆದರೆ ನನ್ನ ಕಣ್ಣು ನಿಂತದ್ದು ದಿಬ್ಬದ ಮೇಲೆ. ನೆಲಕ್ಕಂಟಿ ಉಸುಕು ಹೊಗೆಯಂತೆ ಹರಿಯುತ್ತಿತ್ತು. ನೇರಳೆ ಹೂವಿನ ಬಳ್ಳಿ ಹಬ್ಬಿತ್ತು. ಅದರ ಎಲೆಯ ಮರೆಗೆ ಬಂದ ಕಾಳು ಅಲ್ಲೇ ನಿಲ್ಲುತ್ತಿತ್ತು.

"ಬಳ್ಳಿ ತುಳೀಬ್ಯಾಡ್ರಿ ವೈನಿ. ದಿಬ್ಬಾ ಹಿಡದು ನಿಲ್ಲಿಸಿದ್ದು ಅದ."

ದಿಬ್ಬ ಎರಡಾಳು ಎತ್ತರವಿತ್ತು. ಒಂದೊಂದೇ ಕಾಳು ಬಂದು ಇಷ್ಟಾಗಿದೆ ಎಂದುಕೊಂಡಾಗ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದೆ.

ಎರಡೂ ಕಡೆಯ ಉಸುಕು ತುಂಬಿಕೊಂಡು ಬಂದೆವು. ಉಳಿದುಕೊಂಡ ಮನೆಯಲ್ಲಿ ಸೂಜಿ ಕೇಳಿ ಪಡೆದು, ಒಂದು ಚೀಲದ ಮೇಲೆ 'ದಿಬ್ಬ', ಇನ್ನೊಂದರ ಮೇಲೆ 'ದಂಡೆ' ಎಂದು ಕೆಂಪು ದಾರದಲ್ಲಿ ಹೊಲಿದೆ. ಇನ್ನು ಯಾರು ಒಗೆದರೂ ಹೋಗದು. ಕಟ್ಟಿಕೊಂಡು ಹೋಗಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಆ ಮನೆಯವರು ಕೊಟ್ಟ ಮಜ್ಜಿಗೆ ಉಂಡೆವು. ಮೊದಲು ಮಲಗಿದವಳು ನಾದಿನಿ, ಚೀಲಗಳನ್ನು ಮಗ್ಗುಲಲ್ಲಿಟ್ಟುಕೊಂಡು.