ತೋಟವಿಲ್ಲದ ಮುಂಗಡ

ನಮ್ಮ ಶ್ರೀನಿವಾಸಪುರದಲ್ಲಿ ಮಾವು ಹೂವಿನಲ್ಲಿರುವಾಗಲೇ ವ್ಯಾಪಾರವಾಗುತ್ತದೆ. ವ್ಯಾಪಾರಿ ಬಂದು, ತಲೆಯೆತ್ತಿ ಮರ ನೋಡಿ, ಮುಂಗಡ ಕೊಟ್ಟು ಹೋಗುತ್ತಾನೆ. ಫಸಲು ಕೈಕೊಟ್ಟರೆ ಅವನು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಮುಂಗಡ ತೋಟದವರಿಗೇ ಉಳಿಯುತ್ತದೆ. ಹೀಗೆ ಕೊಟ್ಟು ಕಳೆದುಕೊಂಡ ವ್ಯಾಪಾರಿಗಳಲ್ಲಿ ನನ್ನ ಗಂಡನೂ ಒಬ್ಬರು. ಆದ್ದರಿಂದ ಫೋನಿನಲ್ಲಿ ಷೇರುಪೇಟೆಯ ಆಪ್ಷನ್ ವ್ಯಾಪಾರ ಕಲಿತ ದಿನ ಅವರ ಮುಖ ನೋಡಬೇಕಿತ್ತು.

“ಇದು ನಮ್ಮ ಹೂವಿನ ವ್ಯಾಪಾರಾನೇ ಕಣೇ. ಇಂಡೆಕ್ಸ್ ಇಷ್ಟರ ಮೇಲೆ ಹೋಗುತ್ತೆ ಅಂತ ಯಾವನೋ ಮುಂಗಡ ಕೊಡ್ತಾನೆ. ಹೋಗ್ಲಿಲ್ಲ ಅಂದ್ರೆ ನಮ್ದೇ. ಈ ಸಲ ನಾನು ಕೊಡೋನಲ್ಲ, ಇಸ್ಕೊಳ್ಳೋನು.”

ಇಂಡೆಕ್ಸ್ ಅಷ್ಟನ್ನು ದಾಟಿದರೆ ಮೇಲಿನದ್ದನ್ನೆಲ್ಲ ಇಸ್ಕೊಂಡವರೇ ತುಂಬಿಕೊಡಬೇಕಂತೆ, ಅದಕ್ಕೆ ಮೊದಲೇ ಅಡಮಾನ ಇಡಬೇಕಂತೆ. ಅದಕ್ಕೆ ನನ್ನ ಇಂಡೆಕ್ಸ್ ಫಂಡ್ ಇತ್ತಲ್ಲ! ಕೋಲಾರದ ಖಾಸಗಿ ಶಾಲೆಯಲ್ಲಿ ಪಾಠ ಹೇಳಿ, ಪಿಂಚಣಿ ಇಲ್ಲದ ಕೆಲಸವೆಂದು ಪ್ರತಿ ತಿಂಗಳೂ ಕಟ್ಟಿದ ಹಣ. ಮುದಿವಯಸ್ಸಿನಲ್ಲಿ ಯಾರ ಮುಂದೆಯೂ ಕೈಚಾಚಬಾರದು ಎಂಬುದಷ್ಟೇ ನನ್ನ ಆಸೆ. ನನ್ನ ಹೆಸರಿನಲ್ಲೇ ವ್ಯಾಪಾರದ ಖಾತೆ ತೆರೆದು ಅದರಲ್ಲಿ ಅರ್ಧವನ್ನು ಅಡವಿಟ್ಟರು. ನನ್ನ ಫೋನಿಗೆ ಬಂದ ಓಟಿಪಿಯನ್ನು ನಾನೇ ಮುದ್ದೆ ಕಟ್ಟುವ ಒದ್ದೆ ಕೈಯಲ್ಲಿ ಹಿಡಿದು ಓದಿ ಹೇಳಿದೆ.

ಕೆಲವು ತಿಂಗಳು ಮುಂಗಡ ಬಂತು, ಉಳಿಯಿತು. ಬೇಸಿಗೆ ರಜೆಯಲ್ಲಿ ಇಂಡೆಕ್ಸ್ ಏರಲು ಶುರುವಾಯಿತು. ಊರಿಗೆಲ್ಲ ಸಂತೋಷ, ನಮ್ಮನೆಯಲ್ಲಿ ಮಾತ್ರ ಸೂತಕ. ಮಾರುಕಟ್ಟೆ ಮುಚ್ಚುವವರೆಗೆ ಮಿಕ್ಸಿ ಹಾಕುವ ಹಾಗಿಲ್ಲ, ಬಂದವರನ್ನು ಒಳಗೆ ಕರೆಯುವ ಹಾಗಿಲ್ಲ. ಭಯವಾದರೆ ನನ್ನ ಗಂಡನ ಬಾಯಿಗೆ ತೆಲುಗು ಬರುತ್ತದೆ. “ದಿಗುತುಂದಿ, ದಿಗುತುಂದಿ,” ಇಳಿಯುತ್ತೆ, ಇಳಿಯುತ್ತೆ ಎಂದು ಫೋನಿಗೇ ಹೇಳುತ್ತಿದ್ದರು. ನನ್ನ ಫಂಡೂ ಏರುತ್ತಿತ್ತು, ಆದರೆ ಆಪ್ಷನ್ ನುಂಗುವ ವೇಗಕ್ಕೆ ಅದು ಯಾವ ಮೂಲೆಗೆ?

ನನಗೆ ತಡೆಯಲಾಗಲಿಲ್ಲ. “ರೀ, ತೋಟದವರಿಗೆ ತೋಟ ಇರುತ್ತೆ. ಫಸಲು ಜಾಸ್ತಿ ಬಂದ್ರೂ ಕುಯ್ಕೊಂಡು ಹೋಗು ಅಂತಾರೆ. ನೀವು ಯಾವ ತೋಟ ತೋರಿಸ್ತೀರಾ?”

ಮರುದಿನ ಮಧ್ಯಾಹ್ನ ಬ್ರೋಕರ್‌ನಿಂದ ಸಂದೇಶ ಬಂತು: ಇನ್ನಷ್ಟು ಅಡಮಾನ ಇಡಿ, ಇಲ್ಲದಿದ್ದರೆ ವ್ಯಾಪಾರ ಮುಗಿಸುತ್ತೇವೆ. ಅದರ ಹಿಂದೆಯೇ ನನ್ನ ಫೋನಿಗೆ ಓಟಿಪಿ. ಉಳಿದ ಅರ್ಧವನ್ನೂ ಅಡವಿಡಲು ನನ್ನ ಗಂಡ ಕೋರಿಕೆ ಕಳಿಸಿಬಿಟ್ಟಿದ್ದರು.

“ಹೇಳೇ. ನಾಳೆ ಇಳಿದೇ ಇಳಿಯುತ್ತೆ.”

ಹೇಳಿದರೆ ಇಡೀ ಫಂಡ್ ಆ ಬಾಯಿಗೆ. ಹೇಳದಿದ್ದರೆ ಅಡವಿಟ್ಟ ಅರ್ಧ ಈಗಲೇ ಹೋಗುತ್ತದೆ. ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಲಲ್ಲಿ ಬಟ್ಟೆ ಒಗೆಯಲು ಕೂತೆ. ಅವರು ಬಾಗಿಲಲ್ಲಿ ನಿಂತು ಕೂಗಿದರು, ಗೋಗರೆದರು. ಬ್ರೋಕರ್ ವ್ಯಾಪಾರ ಮುಗಿಸಿದ. ಅಡವಿಟ್ಟಿದ್ದರಲ್ಲಿ ಬಹುಪಾಲು ಮಾರಾಟವಾಯಿತು.

ಮರುದಿನ ಇಂಡೆಕ್ಸ್ ಇಳಿಯಿತು. ಅವರು ಹೇಳಿದ ಹಾಗೆಯೇ!

ಅಂದಿನಿಂದ ನನಗೆ ಬಿಡುಗಡೆಯಿಲ್ಲ. ಸಾರಿಗೆ ಉಪ್ಪು ಕಮ್ಮಿಯಾದರೂ ಮಾತು ಅಲ್ಲಿಗೇ ಹೋಗುತ್ತದೆ: “ಅವತ್ತು ಆ ನಂಬರ್ ಹೇಳಿದ್ದಿದ್ರೆ...” ಇನ್ನೊಂದು ವಾರ ಏರಿದ್ದರೆ ಏನಾಗುತ್ತಿತ್ತೆಂದು ತೋರಿಸಲು ನನ್ನ ಹತ್ತಿರ ಏನೂ ಇಲ್ಲ. ಉಳಿದ ಅರ್ಧ ಹಾಗೇ ಇದೆ. ನಿನ್ನೆ ಗ್ಯಾಸ್ ಸಿಲಿಂಡರ್ ತಂದವನು ಬಾಗಿಲಲ್ಲಿ ನಿಂತು ಓಟಿಪಿ ಕೇಳಿದ. ನಾನು ಫೋನ್ ಕೈಗೆತ್ತಿಕೊಂಡೆ. ಒಳಗೆ ಊಟಕ್ಕೆ ಕೂತಿದ್ದ ಇವರು ತುತ್ತು ಕೈಯಲ್ಲೇ ಹಿಡಿದು ನನ್ನನ್ನೇ ನೋಡುತ್ತಿದ್ದರು.