ಕುಸುಮಾ ಸಿಸ್ಟರ್ ಅವರ ಮೂರು ಕಿಲೋ

ಚಾಮರಾಜಪೇಟೆಯ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನ ಕುಸುಮಾ ಸಿಸ್ಟರಿಗೆ ಎಲೆಕ್ಟ್ರಾನಿಕ್ ತಕ್ಕಡಿ ಕಂಡರೆ ಕೈ ಸುಮ್ಮನಿರದು. ಹೊಟ್ಟೆ ತುಂಬಿದ ರೋಗಿಗೆ ಅರಿವಳಿಕೆ ಕೊಡುವಾಗ, ಉಂಡದ್ದು ಮೇಲೇರಿ ಶ್ವಾಸಕೋಶಕ್ಕೆ ಇಳಿಯದಂತೆ, ಗಂಟಲಿನ ಉಂಗುರದಂಥ ಮೆದುಮೂಳೆಯನ್ನು ಮೂರು ಕಿಲೋ ಭಾರದಷ್ಟು ಒತ್ತಿ ಹಿಡಿಯುವುದು ಅವರ ಕೆಲಸ. ಬೆರಳಿಗೆ ಆ ಅಳತೆ ಮರೆಯಬಾರದೆಂದು ದಿನಸಿ ಅಂಗಡಿಯಲ್ಲಿ, ಮದುವೆಮನೆಯ ಉಗ್ರಾಣದಲ್ಲಿ, ಎಲ್ಲೆಂದರಲ್ಲಿ ತಕ್ಕಡಿ ಒತ್ತಿ ನೋಡುತ್ತಾರೆ. "ಬದನೆಕಾಯಿ ಒತ್ತೋರನ್ನ ನೋಡಿದೀನಿ ಸಿಸ್ಟರ್, ತಕ್ಕಡಿ ಒತ್ತೋರು ನೀವೊಬ್ರೇ" ಎಂದು ತರಕಾರಿ ಮುನಿರಾಜು ಗೊಣಗುತ್ತಿದ್ದ. ಮೊನ್ನೆ ಅವನ ಹೆಂಡತಿಯನ್ನು, ಮುದ್ದೆ ಉಂಡು ಕೈ ತೊಳೆದ ಗಳಿಗೆಯಲ್ಲೇ, ಹೆರಿಗೆಯ ತುರ್ತು ಆಪರೇಷನ್ನಿಗೆ ಕರೆತಂದರು. ಉಸಿರಿನ ನಳಿಕೆ ಸರಿಯಾಗಿ ಕೂತು ಡಾಕ್ಟರು "ಬಿಡಿ" ಎನ್ನುವವರೆಗೂ ಸಿಸ್ಟರ್ ಬೆರಳು ಕದಲಲಿಲ್ಲ. ತಾಯಿ, ಮಗು ಇಬ್ಬರೂ ಕ್ಷೇಮ. ಈಗ ಸಿಸ್ಟರ್ ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಮುನಿರಾಜು ತೂಗುತ್ತಿದ್ದ ಈರುಳ್ಳಿಯನ್ನು ಕೆಳಗಿಳಿಸಿ, ತಕ್ಕಡಿಯ ತಟ್ಟೆ ಒರೆಸಿ, ಗಿರಾಕಿಗಳಿಗೆ ಹೇಳುತ್ತಾನೆ: "ಸ್ವಲ್ಪ ಇರಿ, ಮೊದ್ಲು ಸಿಸ್ಟರ್ ಒತ್ಲಿ."